ಎಲ್ಲ ಉತ್ತರವೂ ಸರಿ

ವಿಶ್ವವಿದ್ಯಾಲಯದ ಆಪ್ತಸಲಹೆಯ ಕೋಣೆಯ ಹೊರಗೆ ಮೇಜು ಹಾಕಿಕೊಂಡು ಕೂರುವ ಹೆಂಗಸಿಗೆ ಹುಡುಗರಿಟ್ಟ ಹೆಸರು ಚೀಟಿ ಅಕ್ಕ. ಒಂಬತ್ತು ಪ್ರಶ್ನೆಗಳ ಹಾಳೆ ತುಂಬಿಸಿಕೊಂಡು, ಅಂಕ ಕೂಡಿ, ಚೀಟಿ ಬರೆದುಕೊಡುವುದು ಅವಳ ಕೆಲಸ. ಕಷ್ಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು; ಹದಿನೈದು ದಾಟಿದರೆ ಅವತ್ತೇ ಸಲಹೆಗಾರ್ತಿಯ ಭೇಟಿ. ಇಲ್ಲದಿದ್ದರೆ ಆರು ವಾರ ಕಾಯಬೇಕು. ಹನ್ನೊಂದು ವರ್ಷ ಇದನ್ನೇ ಮಾಡಿ ಮಾಡಿ, ಈಗೀಗ ಯಾರಾದರೂ ‘ಹೇಗಿದ್ದೀರಿ’ ಎಂದರೂ ಅವಳಿಗೆ ಸುಸ್ತಾಗುತ್ತಿತ್ತು.

ಆ ಮಧ್ಯಾಹ್ನ ಬೆಂಚಿನ ಮೇಲೆ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಇದೇ ಊರಿನವಳು, ಇಲ್ಲಿಗೆ ಹಳಬಳು. ಇನ್ನೊಬ್ಬಳು ಪರದೇಶದಿಂದ ಓದಲು ಬಂದು ಐದು ತಿಂಗಳಾಗಿತ್ತು. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ನಿದ್ದೆ ಬರುತ್ತದೆ, ಹಸಿವಾಗುತ್ತದೆ, ಬೇಸರವಿಲ್ಲ. ಒಟ್ಟು ಸೊನ್ನೆ. ಕಣ್ಣ ಕೆಳಗೆ ಮಾತ್ರ ಮಸಿ ಬಳಿದಂತಿತ್ತು. ಅಂಗಿಯ ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿದ್ದವು.

“ಎಲ್ಲ ಚೆನ್ನಾಗಿದ್ರೆ ಇಲ್ಲಿಗ್ಯಾಕಮ್ಮ ಬಂದೆ?”

“ತಪ್ಪಾಯ್ತಾ ಮೇಡಂ? ಎರಡೆರಡು ಸಲ ನೋಡಿ ಬರೆದೆ.”

ಊರಿನವಳು ನಕ್ಕಳು. “ಪರೀಕ್ಷೆ ಅಂದ್ಕೊಂಡಿದ್ದಾಳೆ ಅಕ್ಕ. ನೂರಕ್ಕೆ ನೂರು ತಗೊಂಡಿದ್ದಾಳೆ.”

ನಗುವ ಮಾತಾಗಿರಲಿಲ್ಲ. ವೀಸಾ ಕಚೇರಿ, ಬ್ಯಾಂಕು, ಹಾಸ್ಟೆಲ್ಲು, ಹೋದಲ್ಲೆಲ್ಲ ಅವಳಿಗೆ ಹಾಳೆ ಕೊಟ್ಟಿದ್ದರು. ಸರಿಯುತ್ತರ ಬರೆದವರಿಗಷ್ಟೇ ಇಲ್ಲಿ ಇರಲು ಜಾಗ ಎಂದು ಅವಳು ಕಲಿತುಬಿಟ್ಟಿದ್ದಳು.

“ನಿಜ ಬರೆದ್ರೆ ವಾಪಸ್ ಕಳಿಸಲ್ವಾ?”

“ಈ ಹಾಳೆ ಇಲ್ಲಿಂದ ಹೊರಗೆ ಹೋಗಲ್ಲ. ಸೊನ್ನೆ ಬರೆದ್ರೇನೇ ನಾನು ವಾಪಸ್ ಕಳಿಸೋದು.”

ಒಮ್ಮೆ ಕೊಟ್ಟ ಹಾಳೆಯನ್ನು ತಿದ್ದುವಂತಿರಲಿಲ್ಲ. ಚೀಟಿ ಅಕ್ಕ ಅದನ್ನು ಹರಿದುಹಾಕಿ ಹೊಸದು ಕೊಟ್ಟಳು. ಈ ಸಲ ಹುಡುಗಿ ಬಹಳ ಹೊತ್ತು ತೆಗೆದುಕೊಂಡಳು. ಇಪ್ಪತ್ತೊಂದು. ‘ಬದುಕೇ ಬೇಡ ಅನ್ನಿಸುತ್ತದೆಯೇ’ ಎಂಬ ಕೊನೆಯ ಪ್ರಶ್ನೆಗೂ ‘ದಿನಾ’ ಎಂದು ಗುರುತು ಹಾಕಿದ್ದಳು.

ಅವತ್ತಿಗೆ ಉಳಿದಿದ್ದದ್ದು ಒಂದೇ ಭೇಟಿ, ಅದು ಊರಿನವಳದು.

“ನಂದು ಅವಳಿಗೆ ಕೊಡಿ ಅಕ್ಕ. ನನಗೇನು, ಮನೆ ಎರಡು ಬೀದಿ ಆಚೆ.”

“ಮನೆಗೆ ಹೋಗಿ ಎಷ್ಟು ದಿನ ಆಯ್ತು?”

“ತಿಂಗಳಾಯ್ತು. ಎರಡು ಬೀದಿ ದಾಟೋಕೆ ಕಾಲೇ ಬರಲ್ಲ. ಹೋದ್ರೆ ಅಮ್ಮ, ನಿನಗೇನು ಕಮ್ಮಿ ಮಾಡಿದೀವಿ ಅಂತಾಳೆ.”

“ಹಾಗಾದ್ರೆ ಬಾಯ್ಮುಚ್ಕೊಂಡು ಕೂತ್ಕೊ. ಬಂದ್ಲು ತ್ಯಾಗಮಯಿ.”

ಒಳಗೆ ಸಲಹೆಗಾರ್ತಿ, ಬೆಳಗಿನಿಂದ ಏಳು ಜನರ ಕಷ್ಟ ಕೇಳಿ, ಮೇಜಿಗೆ ಹಣೆ ಆನಿಸಿದ್ದರು. ಚೀಟಿ ಅಕ್ಕ ಎರಡು ಚೀಟಿ, ಮೇಲೆ ಪರದೇಶದವಳ ಹಾಳೆ, ಮುಂದಿಟ್ಟಳು.

“ಒಂದೇ ಅಂದಿದ್ರಿ?”

“ಎರಡಾಯ್ತು ಮೇಡಂ.”

ಅವರು ಹಾಳೆಯ ಕೊನೆಯ ಸಾಲು ಓದಿದರು. “ಇವಳನ್ನ ಮೊದಲು ಕಳಿಸಿ. ಇನ್ನೊಬ್ಬಳು ಎದ್ದುಹೋಗದ ಹಾಗೆ ನೋಡ್ಕೊಳ್ಳಿ, ಎಷ್ಟು ಹೊತ್ತಾದ್ರೂ ಕರೀತೀನಿ.”

ಪರದೇಶದವಳು ಒಳಗೆ ಹೋದಳು. ಚೀಟಿ ಅಕ್ಕ ಮೇಜು ಬಿಟ್ಟು ಬಂದು ಊರಿನವಳ ಪಕ್ಕ ಕೂತಳು. ಈ ಬೆಂಚು ಇಷ್ಟು ಗಡುಸೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಏನಾದ್ರೂ ಮಾತಾಡಿ ಅಕ್ಕ.”

“ಬೇಡ ಕಣೆ. ನನಗೂ ಸಾಕಾಗಿದೆ.”

ಹುಡುಗಿ ಅವಳ ಮುಖವನ್ನೊಮ್ಮೆ ನೋಡಿ, ಚೀಟಿ ಅಕ್ಕನೂ ಗೋಡೆಗೆ ಒರಗುವಷ್ಟು ಜಾಗ ಬಿಟ್ಟು ಸರಿದು ಕೂತಳು.