ಬಲಗಾಲಿಗೊಂದು ಬ್ರೇಕು

ನನ್ನ ಗಂಡ ಅರ್ಧ ಆಯಸ್ಸು ಬಸ್ಸು ಓಡಿಸಿದವರು. ಎದೆಯ ಆಪರೇಷನ್ ಆದಮೇಲೆ ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದರು ಡಾಕ್ಟರು. ಕಂಪನಿಯವರು ಕೈಕುಲುಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅಂದಿನಿಂದ ಇವರು ಕಿಟಕಿಯ ಪಕ್ಕ ಕೂತು ರಸ್ತೆಯಲ್ಲಿ ಹೋಗುವ ಡ್ರೈವರುಗಳಿಗೆಲ್ಲ ಬೈಯತೊಡಗಿದರು. ಬರುಬರುತ್ತಾ ಬೈಯುವುದನ್ನೂ ಬಿಟ್ಟರು. ಆಗ ನನಗೆ ನಿಜವಾಗಿ ದಿಗಿಲಾಯಿತು. ಬೈಯದ ಗಂಡನನ್ನು ನಾನು ಕಂಡೇ ಇರಲಿಲ್ಲ.

"ಏಳಿ, ಅಂಗಡಿಗೆ ಬನ್ನಿ. ಹೊಲಿಗೆ ಕಲಿಸ್ತೀನಿ" ಎಂದೆ. ನನ್ನದು ಟೈಲರ್ ಅಂಗಡಿ. ಎರಡು ಮೋಟಾರ್ ಮಿಷನ್ನು, ಕಾಜಾ ಹಾಕಿ ಗುಂಡಿ ಹೊಲಿಯಲು ಒಬ್ಬ ಅಜ್ಜಿ. ಅಜ್ಜಿಯ ನಾಲಿಗೆ ಅವರ ಸೂಜಿಗಿಂತ ಚೂಪು.

"ಹೊಲಿಗೆನಾ? ನಾನಾ?"

"ಇನ್ಯಾರು, ಪಕ್ಕದ್ಮನೆ ಯಜಮಾನ್ರಾ? ಏಳ್ರೀ!"

ಬಂದರು. ಸುಳ್ಳೇಕೆ ಹೇಳಲಿ, ನೇರ ಹೊಲಿಗೆಯಲ್ಲಿ ಇವರು ನನ್ನನ್ನೂ ಮೀರಿಸಿದರು. ತಿರುವು ಬಂದಾಗ ಮಾತ್ರ ಮುಂದಕ್ಕೆ ಬಾಗಿ, ಆಚೆ ಈಚೆ ಕನ್ನಡಿ ನೋಡುವವರಂತೆ ಕತ್ತು ತಿರುಗಿಸುತ್ತಿದ್ದರು. "ಹಾರ್ನ್ ಹೊಡೀರಪ್ಪ, ಕಾಲರ್ ಅಡ್ಡ ಬಂದೀತು" ಎಂದು ಅಜ್ಜಿ ಕಿಚಾಯಿಸುತ್ತಿದ್ದರು.

ತೊಂದರೆ ಇದ್ದದ್ದು ನಿಲ್ಲಿಸುವುದರಲ್ಲಿ. ಮಿಷನ್ನಿಗೆ ಇರುವುದು ಒಂದೇ ಪೆಡಲು. ಒತ್ತಿದರೆ ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಇದು ಇವರಿಗೆ ಗೊತ್ತು, ಇವರ ಬಲಗಾಲಿಗೆ ಗೊತ್ತಿಲ್ಲ. ಸ್ವಲ್ಪ ಗಾಬರಿಯಾದರೆ ಸಾಕು, ಅದು ಬ್ರೇಕ್ ಹಾಕಲು ಹೋಗಿ ಇದ್ದ ಒಂದು ಪೆಡಲನ್ನೇ ನೆಲಕ್ಕೆ ಅದುಮುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ನಿಲ್ಲಬೇಕಾದ ಮಿಷನ್ನು ಕಿತ್ತುಕೊಂಡು ಓಡುತ್ತಿತ್ತು. ಒಂದು ಅಂಗಿಯ ತೋಳು ಹೋಗಿ ಬೆನ್ನಿಗೆ ಸೇರಿತು. ಒಂದು ಪ್ಯಾಂಟಿನ ಎರಡು ಕಾಲೂ ಒಂದಾದವು.

"ಈ ಮಿಷನ್ನೇ ಸರಿ ಇಲ್ಲ" ಎಂದರು.

"ಹೌದೌದು. ಕುಣೀಲಾರದವಳು ನೆಲ ಡೊಂಕು ಅಂದಳಂತೆ."

ಅಜ್ಜಿಯೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇವರು ನಗಲಿಲ್ಲ. ಸಂಜೆ ಅಂಗಡಿ ಬಾಗಿಲು ಹಾಕುವಾಗ ಮೆಲ್ಲಗೆ ಹೇಳಿದರು: "ಇನ್ನೊಂದು ಬಟ್ಟೆ ಕೆಟ್ರೆ ನಾನು ಬರಲ್ಲ ಕಣೆ. ಕಿಟಕಿ ಹತ್ರಾನೇ ಕೂತಿರ್ತೀನಿ. ಅಲ್ಲಾದ್ರೆ ಯಾರಿಗೂ ತೊಂದ್ರೆ ಇಲ್ಲ."

ಆ ಹಾಳು ಕಿಟಕಿಗೆ ಇವರನ್ನು ಮತ್ತೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದೆ, "ರೀ, ಬಸ್ಸಲ್ಲಿ ಬ್ರೇಕ್ ಎಲ್ಲಿರತ್ತೆ?"

"ಆಕ್ಸಿಲರೇಟರಿನ ಎಡಕ್ಕೆ. ಇಷ್ಟು ವರ್ಷ ಡ್ರೈವರ್ ಜೊತೆ ಸಂಸಾರ ಮಾಡಿ ಅಷ್ಟೂ ಗೊತ್ತಿಲ್ವಾ?"

ಅಂಗಡಿಯ ಪಕ್ಕದ ಬಡಗಿಯನ್ನು ಕರೆದು, ಪೆಡಲಿನ ಎಡಕ್ಕೆ ಒಂದು ಮರದ ತುಂಡು ಹೊಡೆಸಿದೆ. ಮೇಲೆ ಒಂದಿಷ್ಟು ಸೈಕಲ್ ಟ್ಯೂಬ್ ಅಂಟಿಸಿದೆ.

"ಏನಿದು?"

"ಬ್ರೇಕು."

"ಏನ್ ಮಾಡತ್ತೆ?"

"ಏನೂ ಮಾಡಲ್ಲ. ನಿಮ್ಮ ಕಾಲಿಗೆ ಹೋಗೋಕೆ ಒಂದು ಜಾಗ, ಅಷ್ಟೇ. ಕಾಲು ಆ ಕಡೆ ಹೋದ್ರೆ ಪೆಡಲ್ ಬಿಟ್ಟ ಹಾಗಾಯ್ತಲ್ಲ!"

"ನಾನೇನು ಎಳೇಮಗುನಾ, ಆಟದ ಸಾಮಾನು ಕೊಡೋಕೆ?"

"ಅಯ್ಯೋ ಸಾಕು, ಕೂತ್ಕೊಳ್ರೀ!" ನನಗೂ ಸಿಟ್ಟು ನೆತ್ತಿಗೇರಿತ್ತು. "ಹಲ್ಲಿನ ಡಾಕ್ಟರಮ್ಮ ಸಂಜೆ ಅವರ ಕ್ಲಿನಿಕ್ಕಿನ ಪರದೆ ತಗೊಂಡು ಹೋಗೋಕೆ ಬರ್ತಾರೆ, ಇನ್ನೂ ಒಂದೂ ಹೊಲಿದಿಲ್ಲ."

ಗೊಣಗುತ್ತಲೇ ಕೂತರು. ಪರದೆಗಳು ಒಂದೊಂದಾಗಿ ಮುಗಿದವು. ಕೊನೆಯದರ ಅಂಚು ಅರ್ಧ ಹೊಲಿದಾಗಿತ್ತು, ಅಜ್ಜಿಯ ಕೈಜಾರಿ ಗುಂಡಿ ಡಬ್ಬಿ ಢಣಾರ್ ಎಂದು ನೆಲಕ್ಕೆ ಬಿತ್ತು. ಇವರು ಬೆಚ್ಚಿಬಿದ್ದರು. ಮುಗೀತು ಕಥೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಮಿಷನ್ನಿನ ಸದ್ದು ನಿಂತಿತ್ತು. ಕಣ್ಣು ಬಿಟ್ಟು ನೋಡಿದರೆ ಬಲಗಾಲು ಮರದ ತುಂಡಿನ ಮೇಲಿದೆ. ಹಲ್ಲು ಕಚ್ಚಿ ಅದುಮುತ್ತಿದ್ದಾರೆ, ಅದು ಕಿರುಗುಟ್ಟುತ್ತಿದೆ. ಹೊಲಿಗೆ ನೇರ ಇದ್ದ ಹಾಗೇ ಇದೆ.

"ಬಸ್ ನಿಂತಿತಾ? ಇಳೀಬಹುದಾ?" ಎಂದರು ಅಜ್ಜಿ, ಬಗ್ಗಿ ಗುಂಡಿ ಹೆಕ್ಕುತ್ತಾ.

"ಹುಷಾರು, ಕೈಚೀಲ ಮರೀಬೇಡಿ" ಎಂದು ಇವರು ನಕ್ಕುಬಿಟ್ಟರು. ಆ ನಗು ಕೇಳಿ ನನಗೆ ಅಳು ಬಂತು.

ಪರದೆ ಮುಗಿಸಿ, ದಾರ ಕತ್ತರಿಸಿ, ಮಡಿಸಿಟ್ಟರು. ಡಾಕ್ಟರಮ್ಮ ಬಂದು ತೆಗೆದುಕೊಂಡು ಹೋದರು. ಮಿಷನ್ನಿಗೆ ಮುಸುಕು ಹಾಕುತ್ತಾ ಇವರು ಕೇಳಿದರು, "ನಾಳೆ ಯಾವುದು ಹೊಲಿಯೋದು?"

ಆಪರೇಷನ್ ಆದಮೇಲೆ ಇವರ ಬಾಯಲ್ಲಿ ನಾಳೆ ಎಂಬ ಮಾತು ಬಂದದ್ದು ಅದೇ ಮೊದಲು. ನಾಳೆ ಭಾನುವಾರ, ಅಂಗಡಿಗೆ ರಜೆ ಎನ್ನಲು ಬಾಯಿ ತೆರೆದವಳು ಹಾಗೇ ನುಂಗಿಕೊಂಡೆ.

"ರಾಶಿ ಕೆಲಸ ಇದೆ ಕಣ್ರೀ, ಬೇಗ ಏಳ್ಬೇಕು" ಎಂದೆ.