ಅಮಾವಾಸ್ಯೆಯ ಸೊನ್ನೆ

"ಅಲ್ಲೇ ನಿಲ್ಲು. ಇವತ್ತ ತಿಥಿ ಯಾವುದು ಅಂತ ಪ್ರತಿ ಸಲ ನಿನಗ ಹೇಳಬೇಕೇನು?"

ಪ್ರಹ್ಲಾದಾಚಾರ್ರು ಕೂಗಿ ಹೇಳಲಿಲ್ಲ. ಅವರು ಯಾವತ್ತೂ ಕೂಗುವವರಲ್ಲ. ಒದ್ದೆ ಪಂಚೆಯಲ್ಲಿ ಬಾವಿಕಟ್ಟೆಯ ಪಕ್ಕ ನಿಂತು, ಅಂಗಳಕ್ಕೆ ಬಂದ ಮೇಕೆಯನ್ನು ಹೊರಗೆ ಕಳಿಸುವಷ್ಟೇ ಮೆತ್ತಗೆ ಹೇಳಿದರು. ನಾನು ಗೇಟಿನ ಹೊರಗೆ ಕೆಸರಿನಲ್ಲಿ ನಿಂತೆ. ಕೈಯಲ್ಲಿ ಅಳತೆಯ ಗಾಜು, ಕಂಕುಳಲ್ಲಿ ರಿಜಿಸ್ಟರ್. ಬೆಳಗಿನ ಎಂಟೂವರೆ.

"ನಸುಕಿನ್ಯಾಗ ಜೋರ್ ಮಳಿ ಬಂದದ್ರಿ ಯಪ್ಪಾ. ಎರಡು ನಿಮಿಷ ಸಾಕು, ಅಳದು ಹೋಗ್ತೀನ್ರಿ."

"ಮಹಾಲಯ ಅಮಾವಾಸಿ ಇವತ್ತ. ತರ್ಪಣ ಮುಗಿಯೋ ತನಕ ಮಡಿ. ನಾಳೆ ಬಾ."

"ಮನ್ಯಾಗಿನವರು ಯಾರಾರ ಬಾಟ್ಲಿ ತಗದು ಹೊರಗ ಕೊಟ್ರ, ನಾ ಇಲ್ಲೇ ನೋಡ್ಕೋತೀನ್ರಿ."

"ಅದು ನೀ ಮುಟ್ಟಿದ್ದಲ್ಲ?"

ಅಲ್ಲಿಗೆ ಮಾತು ಮುಗಿಯಿತು. ಆಚಾರ್ರು ಒಳಗೆ ಹೋದರು.

ಮಳೆ ಮಾಪಕ ಗೇಟಿನಿಂದ ಹನ್ನೆರಡು ಹೆಜ್ಜೆ. ಅದೇನು ದೊಡ್ಡ ಯಂತ್ರವಲ್ಲ. ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ. ದಿನಾ ಎಂಟೂವರೆಗೆ ಬಾಟಲಿಯ ನೀರನ್ನು ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ಬರೆದು, ನೀರು ಚೆಲ್ಲಿ, ದೇವದುರ್ಗದ ಪಂಪಾಪತಿಗೆ ಫೋನಿನಲ್ಲಿ ಹೇಳಬೇಕು. ಮಾಪಕ ಕೂಡಿಸಿದ ಸಿಮೆಂಟ್ ಕಟ್ಟೆಗೆ ಉಸುಕು ಹೊತ್ತವಳು ನಾನೇ. ಆಡು, ಹುಡುಗರು ನುಗ್ಗದ ಜಾಗ ಬೇಕೆಂದು ರಾಯಚೂರಿನ ಸಾಹೇಬರು ಊರೆಲ್ಲ ತಿರುಗಿ ಆಚಾರ್ರ ಅಂಗಳ ಆರಿಸಿದರು. ನಾವೂ ನುಗ್ಗದ ಜಾಗ ಅದು ಎಂಬುದು ಅವರಿಗೆ ಹೊಳೆಯಲಿಲ್ಲ. ಉಳಿದ ದಿನ ನಡೆಯುತ್ತದೆ. ಗೋಡೆಗೆ ತಾಗದೆ ಹೋಗಿ ತಾಗದೆ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಅಮಾವಾಸ್ಯೆಗೆ ಮಾತ್ರ ಇಲ್ಲ.

ಮೊದಲ ವರ್ಷದ ಮೊದಲ ಅಮಾವಾಸ್ಯೆ ರಿಜಿಸ್ಟರಿನಲ್ಲಿ ಆ ದಿನದ ಅಂಕಣವನ್ನು ಖಾಲಿ ಬಿಟ್ಟಿದ್ದೆ. ಮರುದಿನವೇ ಪಂಪಾಪತಿ ಗಾಡಿ ಹೊಡೆದುಕೊಂಡು ಮಸರಕಲ್‌ಗೆ ಬಂದ. ನನ್ನ ಹಾಗೆ ಅವನೂ ರಾಯಚೂರಿನ ಮಳೆ ಅಳೆಯುವ ಯೋಜನೆಯ ಗುತ್ತಿಗೆ ನೌಕರ.

"ಖಾಲಿ ಬಿಟ್ರ ಕಂಪ್ಯೂಟರ್ ತಗೊಳ್ಳಂಗಿಲ್ಲಬೇ ರೇಣುಕಮ್ಮ. ಏನಾರ ಒಂದು ಹಾಕು."

"ಅಳದೇ ಇಲ್ಲ, ಏನ್ ಹಾಕ್ಲಿ?"

"ಸೊನ್ನಿ ಹಾಕು. ಸೊನ್ನಿ ಬಗ್ಗೆ ಯಾವನು ಕೇಳ್ತಾನ?"

ಏಳನೇ ಇಯತ್ತೆ ಓದಿದವಳಿಗೆ ಅದು ಸರಿಯಲ್ಲ ಎಂದು ಗೊತ್ತಾಗದೆ ಇರುತ್ತದೆಯೇ. ಗೊತ್ತಿತ್ತು. ಆದರೆ ಹತ್ತಿ ಹೊಲದ ಬಿಸಿಲು ಬಿಟ್ಟು ನೆರಳಿಗೆ ಬಂದಿದ್ದೆ, ಸುಮ್ಮನಾದೆ. ಹನ್ನೆರಡು ವರ್ಷ ಪ್ರತಿ ಅಮಾವಾಸ್ಯೆಗೂ ಸೊನ್ನೆ ಬರೆದೆ. ಬಾಟಲಿಯಲ್ಲಿ ನಿಂತ ನೀರು ಮರುದಿನದ ಲೆಕ್ಕಕ್ಕೆ ಹೋಗುತ್ತಿತ್ತು.

ಈ ಮಹಾಲಯ ಅಮಾವಾಸ್ಯೆಗೂ ಗೇಟಿನ ಕಂಬಕ್ಕೆ ರಿಜಿಸ್ಟರ್ ಒತ್ತಿಕೊಂಡು ಸೊನ್ನೆ ಬರೆದೆ. ಬೇವಿನ ಮರದಿಂದ ಹನಿ ಬಿದ್ದು ಅದು ಸ್ವಲ್ಪ ಕಲೆಸಿತು. ಸೆರಗಿನಿಂದ ಒರೆಸಿ ಮತ್ತೆ ತಿದ್ದಿದೆ.

ಕೇರಿಗೆ ಬಂದರೆ ಬಾಯಿ ಬಡಿದುಕೊಳ್ಳುವ ಸದ್ದು. ಟ್ರ್ಯಾಕ್ಟರ್ ನಿಂತಿತ್ತು. ಟ್ರಾಲಿಯಲ್ಲಿ ನಮ್ಮ ಅಕ್ಕ ಗದ್ದೆಮ್ಮ. ಮೇಲೆ ಗೊಬ್ಬರದ ಚೀಲ ಹೊದಿಸಿದ್ದರು. ಹೊರಗೆ ಕಾಣುತ್ತಿದ್ದ ಒಂದು ಕಾಲಿನ ಕಡಗ ಕರ್ರಗಾಗಿ ಚರ್ಮಕ್ಕೆ ಅಂಟಿತ್ತು.

ಅವಳ ಮಗಳು ದುರ್ಗಾ ತಾಯಿಯ ಜೊತೆಗೇ ಕೆಲಸಕ್ಕೆ ಹೋಗಿದ್ದಳು. ಅವಳು ಅತ್ತು ಅತ್ತು ಹೇಳಿದ್ದು ಇಷ್ಟು. ಹತ್ತಿಗೆ ಔಷಧಿ ಹೊಡೆಯುವ ಕೆಲಸ, ಪಂಪಿಗೆ ನೀರು ಹೊರುವ ಹೆಂಗಸರು ಬೇಕಿತ್ತು. ಬೆಳಗಿನ ಐದೂವರೆಗೆ ಮುಗಿಲು ಕಪ್ಪಾಗಿತ್ತು. ಮಳೆ ಬಂದರೆ ಹೊಡೆದ ಔಷಧಿಯೂ ಹಾಳು, ನಿಂತು ಹೋಗೋಣ ಎಂದು ಗದ್ದೆಮ್ಮ ಹೇಳಿದಳು. ಧಣಿಯ ಕೆಲಸ ನೋಡಿಕೊಳ್ಳುವ ಗಡಿಗೆಪ್ಪ ಮೊಬೈಲ್ ಅವಳ ಮುಖಕ್ಕೆ ಹಿಡಿದನಂತೆ.

"ನಡೀರಬೇ ರಂಡೇರಾ. ರಾಯಚೂರಿಂದ ಮೆಸೇಜ್ ಬಂದದ ನೋಡು, ಮಸರಕಲ್ ಒಣ ಹವಾ, ಮಳಿ ಇಲ್ಲ. ಅಮಾಸಿಗೆ ಈ ಊರಾಗ ಮಳಿ ಬರಂಗಿಲ್ಲಂತ ದೊಡ್ಡದೊಡ್ಡವರು ಕಂಡುಹಿಡದಾರ. ನೀ ಏನ್ ಅವರಿಗಿಂತ ಶಾಣ್ಯಾಕಿ ಏನು?"

ಏಳು ಗಂಟೆಗೆ ಸಿಡಿಲು ಹೊಡೆಯಿತು. ತುಂಬಿದ ಕೊಡ ಅಕ್ಕನ ತಲೆಯ ಮೇಲೆಯೇ ಇತ್ತು.

ನನಗೆ ಅಳು ಬರಲಿಲ್ಲ. ಕಂಕುಳಲ್ಲಿ ರಿಜಿಸ್ಟರ್ ಇನ್ನೂ ಇತ್ತು. ಅದನ್ನು ಎಲ್ಲಿ ಇಡಬೇಕು ಎಂದು ತಿಳಿಯದೆ ಬಹಳ ಹೊತ್ತು ಹಾಗೇ ನಿಂತಿದ್ದೆ.

ಹದಿನೈದು ದಿನ ಬಿಟ್ಟು ದುರ್ಗಾ ಮತ್ತು ನಾನು ದೇವದುರ್ಗಕ್ಕೆ ಹೋದೆವು. ಸಿಡಿಲಿಗೆ ಸತ್ತವರ ಅರ್ಜಿ ತೆಗೆದುಕೊಳ್ಳುವ ಕಚೇರಿಯಲ್ಲಿ ಗುಮಾಸ್ತ ಕಾಗದ ತಿರುವಿ ನಕ್ಕ.

"ಆ ದಿನ ನಿಮ್ಮೂರ ಮಳಿ ಎಷ್ಟು ಗೊತ್ತದನು? ಸೊನ್ನಿ. ಮಳಿ ಇಲ್ಲದ ಸಿಡಿಲು ನಿಮ್ಮವ್ವ ಒಬ್ಬಾಕಿ ಮ್ಯಾಲs ಎಲ್ಲಿಂದ ಬಿತ್ತು?"

"ನಾ ಅಲ್ಲೇ ಇದ್ದೆರಿ ಸಾಹೇಬ್ರ," ಎಂದಳು ದುರ್ಗಾ. "ನನ್ನ ಕಣ್ಣಮುಂದನ ಬಿತ್ತರಿ."

"ಒಲಿ ಮುಂದ ಸುಟ್ಕೊಂಡಿದ್ದಕ್ಕೂ ಸಿಡಿಲು ಅಂತ ಬರಸ್ಕೊಂಡು ಬರ್ತೀರಿ. ನಿಮ್ಮಪ್ಪ ಕುಡೀತಾನೇನು? ಅವನ್ನ ಕರಸಿ ಕೇಳಿದ್ರ ಖರೇ ಹೊರಗ ಬೀಳ್ತದ."

ಬರೆದವರೇ ತಿದ್ದಿ ಕೊಟ್ಟರೆ ನೋಡುತ್ತೇನೆ ಎಂದು ಗುಮಾಸ್ತ ಕಾಗದ ಹಿಂದಕ್ಕೆ ನೂಕಿದ. ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನ ಬಸ್ಸು ಹೋಯಿತು, ಇನ್ನೊಂದು ಹೋಯಿತು, ಅವಳು ಕಟ್ಟೆಯಿಂದ ಏಳಲಿಲ್ಲ.

"ಚಿಗವ್ವ, ಆ ಸೊನ್ನಿ ಬರದಾಕಿ ನೀನs ಅಲ್ಲ?"

"ಹೂಂ."

"ನಮ್ಮವ್ವ ಒಲಿಗೆ ಬಿದ್ದು ಸತ್ತಾಳಂತ ಬರದಂಗಾತು ನೋಡು."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸಿಟ್ಟಿನಿಂದಲೂ ಹೇಳಲಿಲ್ಲ, ದಣಿದು ಹೇಳಿದಳು.

ಮರುದಿನ ರಾಯಚೂರಿಗೆ ಒಬ್ಬಳೇ ಹೋದೆ. ಯೋಜನೆಯ ಮುಖ್ಯಸ್ಥ ಸಂಕರ್ಷಣ ಸಾಹೇಬರು, ಆಚಾರ್ರ ಅಂಗಳ ಆರಿಸಿದವರೇ, ಒಳ್ಳೆಯವರು. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿದರು. ನಾನು ಬಾಯಿ ತೆಗೆಯುವ ಮೊದಲೇ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಪರದೆಯ ತುಂಬ ನೀಲಿ ಗೀಟು, ನಡುನಡುವೆ ಕೆಂಪು ಚುಕ್ಕೆ.

"ನೋಡಮ್ಮ, ಇದು ನಿನ್ನ ಹನ್ನೆರಡು ವರ್ಷದ ಕೆಲಸ. ಕೆಂಪು ಅಂದ್ರ ಅಮಾವಾಸಿ. ಒಂದು ಅಮಾವಾಸಿಗೂ ಮಳಿ ಇಲ್ಲ, ಮರುದಿನ ಜಾಸ್ತಿ. ಸುತ್ತ ಇಪ್ಪತ್ತು ಊರಾಗ ಎಲ್ಲೂ ಹಿಂಗಿಲ್ಲ. ಚಂದ್ರನಿಗೂ ಮಳಿಗೂ ಏನೋ ಸಂಬಂಧ ಅದ. ಇದನ್ನ ನೋಡೇ ದಿಲ್ಲಿಯವರು ಸಂಶೋಧನಾಕ್ಕ ದೊಡ್ಡ ಅನುದಾನ ಕೊಡ್ಲಿಕ್ಕೆ ಬರ್ಲಿಕ್ಕತ್ತಾರ."

"ಅದು ಮಳಿ ಇಲ್ಲಂತ ಅಲ್ರಿ ಸಾಹೇಬ್ರ. ಅಮಾಸಿಗೆ ಆಚಾರ್ರು ನನ್ನ ಒಳಗ ಬಿಡಂಗಿಲ್ರಿ. ಅಳಿಯಾಕ ಆಗಂಗಿಲ್ಲ. ಅದಕ್ಕ ಸೊನ್ನಿ."

ಸಾಹೇಬರು ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು. ಪಾಪ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

"ಎಲ್ಲಾ ಅಮಾವಾಸಿಗೂ?"

"ಎಲ್ಲಾ ಅಮಾಸಿಗೂ ರೀ."

"ನನಗ ಯಾಕ ಹೇಳಲಿಲ್ಲ?"

"ಮೊದಲನೇ ವರ್ಷ ಎರಡ್ಮೂರು ಅಮಾಸಿಗೆ ಫೋನ್ ಮಾಡಿದ್ನಿರಿ. ನೀವು ತರ್ಪಣಕ್ಕ ಕುಂತೀರಿ, ಮಡಿಯಾಗ ಫೋನ್ ಮುಟ್ಟಂಗಿಲ್ಲಂತ ನಿಮ್ಮ ಮನಿ ಅಮ್ಮಾರು ಹೇಳಿದ್ರು."

ಅವತ್ತು ಮಡಿಪಂಚೆ ಇರಲಿಲ್ಲ, ಕನ್ನಡಕ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು. ನಾನು ಅಕ್ಕನ ವಿಷಯ ಹೇಳಿದೆ, ಗುಮಾಸ್ತನ ಮಾತು ಹೇಳಿದೆ, ಆ ಒಂದು ದಿನದ ಸೊನ್ನೆ ತಿದ್ದಿ ಒಂದು ಕಾಗದ ಕೊಡಿ ಎಂದೆ.

"ಒಂದು ತಿದ್ದಿದ್ರ ಎಲ್ಲಾ ತಿದ್ದಬೇಕಾಗ್ತದ ರೇಣುಕಮ್ಮ. ಅನುದಾನ ಹೋಗ್ತದ. ಇದು ಬಂದ್ರ ಹೊಸ ಯಂತ್ರ ಬರ್ತಾವ, ಸಿಡಿಲು ಬೀಳೋ ಮೊದಲೇ ಹಳ್ಳಿ ಹಳ್ಳಿಗೆ ತಿಳಸಬಹುದು. ನಿಮ್ಮಂಥವರ ಜೀವಾನೇ ಉಳಿಯೋದು. ಕಮಿಟಿ ಬಂದು ಹೋಗ್ಲಿ, ಆಮ್ಯಾಲೆ ನೋಡೋಣಂತ."

ನಮ್ಮ ಜೀವ ಉಳಿಸಲು ನಮ್ಮ ಸಾವನ್ನು ಮುಚ್ಚಬೇಕು. ಇದನ್ನೂ ಅವರು ಮೆತ್ತಗೇ ಹೇಳಿದರು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಈಗ ಗಡಿಗೆಪ್ಪನೇ ವಾಸಿ ಅನ್ನಿಸುತ್ತದೆ.

ಕಮಿಟಿ ಬಂತು. ಆಚಾರ್ರ ಅಂಗಳದಲ್ಲಿ ಶಾಮಿಯಾನ, ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ನನ್ನ ಹನ್ನೆರಡು ರಿಜಿಸ್ಟರ್. ದಿಲ್ಲಿಯಿಂದ ಬಂದ ಐದು ಮಂದಿ ಬೂಟು ಹಾಕಿಕೊಂಡೇ ಬಾವಿಕಟ್ಟೆಯ ತನಕ ಓಡಾಡಿದರು. ಆಚಾರ್ರ ಹೆಂಡತಿ ವಿಜಯಾಬಾಯಿ ಅವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ನನಗೆ ಕಾಗದದ ಕಪ್ಪು ಗೇಟಿನ ಕಂಬದ ಮೇಲೆ ಇತ್ತು. ದುರ್ಗಾ ತಾಯಿಯ ಫೋಟೋ ಹಿಡಿದುಕೊಂಡು ಗೇಟಿನ ಹೊರಗೆ ನಿಂತಿದ್ದಳು. ನಾನೇ ಬಾ ಎಂದಿದ್ದೆ.

"ಬಾಯಿ ಮುಚ್ಕೊಂಡಿರು ತಾಯಿ," ಎಂದ ಪಂಪಾಪತಿ ಕಿವಿಯಲ್ಲಿ. "ಯೋಜನಾ ಮುಚ್ಚಿದ್ರ ನಿನ್ನ ಕೆಲಸಾನೂ ಹೋಗ್ತದ, ನಂದೂ ಹೋಗ್ತದ. ನಂಗೂ ಮಕ್ಕಳವ."

ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನ ಅಂಗಿಯ ಕಾಲರ್ ಹರಿದು ಹೊಲಿದದ್ದು ಕಾಣುತ್ತಿತ್ತು.

ಸಂಕರ್ಷಣ ಸಾಹೇಬರು ನನ್ನನ್ನು ಕರೆದರು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಖಾಲಿ ಬಿಡದವಳು ಎಂದು ಇಂಗ್ಲಿಷಿನಲ್ಲಿ ಹೇಳಿರಬೇಕು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಮಿಟಿಯಲ್ಲಿ ಬಿಳಿಗೂದಲಿನ ಒಬ್ಬ ಹೆಂಗಸು ಇದ್ದರು. ಅವರು ಏನೋ ಕೇಳಿದರು. ಸಾಹೇಬರು ಕನ್ನಡದಲ್ಲಿ ಹೇಳಿದರು.

"ಹೆಂಗ ಬರೀತಿ ಅಂತ ತೋರಸಬೇಕಂತ ಮೇಡಂ ಅವರಿಗೆ. ಇವತ್ತಿನದು ಬರದು ತೋರಸು."

ನಾನು ಮೇಜಿನ ಮುಂದಿನ ಕುರ್ಚಿ ಎಳೆದು ಕುಳಿತೆ. ಕೂಡು ಎಂದು ಯಾರೂ ಹೇಳಿರಲಿಲ್ಲ. ಈ ವರ್ಷದ ರಿಜಿಸ್ಟರ್ ತೆಗೆದು ಮಹಾಲಯ ಅಮಾವಾಸ್ಯೆಯ ಪುಟಕ್ಕೆ ಬಂದೆ. ಹನಿ ಬಿದ್ದ ಕಲೆ ಹಾಗೇ ಇತ್ತು. ಸೊನ್ನೆಯನ್ನು ಹೊಡೆದು ಹಾಕಲಿಲ್ಲ. ಅದು ಇರಲಿ, ನಾನು ಬರೆದದ್ದೇ. ಅದರ ಪಕ್ಕದಲ್ಲಿ ಬರೆದೆ: ಮಳಿ ಬಂದದ. ನಮ್ಮಕ್ಕ ಗದ್ದೆಮ್ಮ ಸಿಡಿಲಿಗೆ ಸತ್ತಾಳ. ನನ್ನ ಒಳಗ ಬಿಟ್ಟಿಲ್ಲ.

ಪುಟ ಹಿಂದಕ್ಕೆ ತಿರುವಿದೆ. ಶ್ರಾವಣದ ಅಮಾವಾಸ್ಯೆ. ಸೊನ್ನೆಯ ಪಕ್ಕದಲ್ಲಿ: ಒಳಗ ಬಿಟ್ಟಿಲ್ಲ. ಆಷಾಢದ ಅಮಾವಾಸ್ಯೆ. ಒಳಗ ಬಿಟ್ಟಿಲ್ಲ.

"ರೇಣುಕಮ್ಮ, ಏನದು? ಸಾಕು ಏಳು," ಎಂದರು ಸಾಹೇಬರು. ಅವರ ದನಿ ಮೊದಲ ಸಲ ಏರಿತ್ತು. ಆಚಾರ್ರು ಬಾವಿಕಟ್ಟೆಯಿಂದ ಎದ್ದು ಬಂದು, ಮೇಜಿನ ಹತ್ತಿರ ಬಂದು, ನನ್ನಿಂದ ಎರಡು ಮಾರು ದೂರದಲ್ಲಿ ತಾವಾಗಿಯೇ ನಿಂತುಬಿಟ್ಟರು. ರಿಜಿಸ್ಟರ್ ಕಸಿದುಕೊಳ್ಳಬೇಕೆಂದರೆ ನನ್ನನ್ನು ಮುಟ್ಟಬೇಕಿತ್ತು.

ಬಿಳಿಗೂದಲಿನ ಮೇಡಂ ಬಗ್ಗಿ ನೋಡಿದರು. ಪುಟ ಪುಟದಲ್ಲೂ ಅವೇ ಎರಡು ಮಾತು ಬರುತ್ತಿರುವುದು ಅಕ್ಷರ ಬಾರದಿದ್ದರೂ ಕಾಣುತ್ತದೆ. ಸಾಹೇಬರಿಗೆ ಏನೋ ಕೇಳಿದರು. ಅವರು ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಪಂಪಾಪತಿಗೆ ಕೇಳಿದರು. ಅವನು ನೆಲ ನೋಡಿದ. ಮೇಡಂ ಮೂರನೇ ಸಲ ನನ್ನನ್ನೇ ಕೇಳಿದರು, ನನಗೆ ಅವರ ಭಾಷೆ ಬರುವುದಿಲ್ಲ.

ಗೇಟಿನ ಹೊರಗಿಂದ ದುರ್ಗಾ ಕೂಗಿ ಕೇಳಿದಳು. "ಚಿಗವ್ವ, ನಾ ಒಳಗ ಬರ್ಲಿ?"

"ಬಾ. ಮೇಡಂ ಅವರಿಗೆ ನಿಮ್ಮವ್ವನ ಫೋಟೋ ತೋರಸು."

ಗೇಟು ಕಿರ್ರೆಂದಿತು. ನಾನು ತಲೆ ಎತ್ತಲಿಲ್ಲ. ಬೆರಳು ನೋಯುತ್ತಿತ್ತು. ಈ ವರ್ಷದ್ದು ಮುಗಿಸಿ ಪಕ್ಕಕ್ಕೆ ಇಟ್ಟು, ಹೋದ ವರ್ಷದ ರಿಜಿಸ್ಟರ್ ಎಳೆದುಕೊಂಡೆ. ಅದಾದ ಮೇಲೆ ಇನ್ನೂ ಹತ್ತು ಇದ್ದವು.