ಸೂಟಿಲ್ಲದ ತಕ್ಕಡಿ

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಕಣ್ಣು ಕೆಂಪಾಗದ ಒಬ್ಬನೂ ಸಿಗುವುದಿಲ್ಲ. ಹಮಾಲರು, ದಲಾಲರು, ಚಹಾ ಮಾರುವವರು ಹಾಗಿರಲಿ, ಕಾಯಿ ಮೂಸಲು ಬಂದ ಆಕಳು ಕೂಡ ಕಣ್ಣೀರಿಡುತ್ತ ತಿರುಗಿ ಹೋಗುತ್ತದೆ. ಒಂದೇ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ತೂಕ ಹಿಡಿದ ಗುಡದಪ್ಪನ ಕಣ್ಣಂತೂ ಮಳೆಗಾಲದಲ್ಲೂ ಕೆಂಪೇ.

ಹೀಗಾಗಿ, ತೊಂಬತ್ತೆರಡರ ಸಂಕ್ರಾಂತಿಯ ಮರುದಿನ ರಾಣೆಬೆನ್ನೂರಿಗೆ ಕಾಯಿ ಹೇರಿಕೊಂಡು ಹೊರಟಿದ್ದ ಅವನ ಅಳಿಯ ಹನುಮಪ್ಪನನ್ನು ಮೋಟೆಬೆನ್ನೂರಿನ ಹತ್ತಿರ ಪೊಲೀಸರು ತಡೆದು, ಕಣ್ಣು ಕೆಂಪಾಗಿವೆ, ಬಾಯಿ ವಾಸನೆ ಬರುತ್ತದೆ, ಕುಡಿದು ಲಾರಿ ಹೊಡೆಯುತ್ತಿದ್ದಾನೆ ಎಂದು ದವಾಖಾನೆಗೆ ಒಯ್ದು ರಕ್ತ ತೆಗೆಸಿದರೆಂಬ ಸುದ್ದಿ ಕೇಳಿ ಗುಡದಪ್ಪ ನಕ್ಕುಬಿಟ್ಟ. ಕೆಂಗಣ್ಣಿಗೆ ಕೇಸು ಹಾಕುವುದಾದರೆ ಇಡೀ ಬ್ಯಾಡಗಿಯನ್ನೇ ಕಟ್ಟಿ ಒಯ್ಯಬೇಕಾದೀತು ಎಂದ. ಕೋರ್ಟಿನಲ್ಲಿ ತಾನೇ ಸಾಕ್ಷಿ ನಿಂತು ಹೇಳುವುದಾಗಿ ಮಗಳು ಮಂಗಳವ್ವನಿಗೆ ಧೈರ್ಯವನ್ನೂ ಕೊಟ್ಟ.

ತಿಂಗಳ ಮೇಲೆ, ಮದ್ಯದ ಅಂಶವಿದೆ ಎಂದು ರಕ್ತದ ವರದಿ ಬಂದಾಗ ನಗು ಇಂಗಿತು. ಮಾವ ಅಳಿಯ ಇಬ್ಬರೂ ಹಾವೇರಿಗೆ ಹೋಗಿ ವಕೀಲ ವಿರೂಪಾಕ್ಷಪ್ಪನವರ ಮುಂದೆ ಕುಳಿತರು. ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಜೈಲಾದರೂ ಆದೀತು, ಲೈಸೆನ್ಸಂತೂ ಹೋದಂತೆಯೇ ಎಂದರು ವಕೀಲರು. ಹನುಮಪ್ಪನಿಗೆ ಸ್ಟೇರಿಂಗು ಬಿಟ್ಟರೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿ, ಅಂದು ಊಟಕ್ಕೆ ಮುಂಚೆ ಎರಡು ಗುಟುಕು ಕುಡಿದದ್ದು ಹೌದು, ಆದರೆ ಅಮಲೇನೂ ಇರಲಿಲ್ಲ ಎಂದ. ಗುಡದಪ್ಪ ಅಳಿಯನನ್ನು ದುರುಗುಟ್ಟಿ ನೋಡಿದ, ಮರುಕ್ಷಣವೇ ಅವನ ಪರವಾಗಿ ವಾದಕ್ಕಿಳಿದ. ಎರಡು ಗುಟುಕು ಎಂದರೆ ಎಷ್ಟು ಮಹಾ, ತುಸು ಅಲ್ಲವೇ?

ವಕೀಲರು ಕಾಯ್ದೆಯ ದಪ್ಪ ಪುಸ್ತಕ ತೆಗೆದು, ಇಂಗ್ಲಿಷಿನಲ್ಲಿದ್ದುದನ್ನು ಬೆರಳಿಟ್ಟು ಓದಿ ಬಿಡಿಸಿ ಹೇಳಿದರು. ಈ ಕಲಮಿಗೆ ಎರಡು ಕಾಲು. ಒಂದು, ಗಾಡಿ ಹಿಡಿತಕ್ಕೆ ಸಿಗದಷ್ಟು ಅಮಲೇರಿರುವುದು; ಕೆಂಗಣ್ಣು, ತೊದಲು, ತೂರಾಡುವ ನಡಿಗೆ ಎಲ್ಲ ಅಲ್ಲಿಗೆ ಬರುತ್ತವೆ, ಅದಕ್ಕೆ ಉತ್ತರ ಕೊಡಬಹುದು. ಇನ್ನೊಂದು ಕಾಲಿಗೆ ಅಮಲಿನ ಗೊಡವೆಯೇ ಇಲ್ಲ. ಅದು ರಕ್ತವನ್ನಷ್ಟೇ ನೋಡುತ್ತದೆ.

"ರಕ್ತದಾಗ ಎಷ್ಟ ತುಸು ಇದ್ರೂ, ಐತಿ ಅಂದ್ರ ಐತಿ," ಎಂದರು ವಿರೂಪಾಕ್ಷಪ್ಪ.

"ಸೂಟು ಇಲ್ಲೇನ್ರಿ?" ಎಂದು ಗುಡದಪ್ಪ ಕೇಳಿಯೇಬಿಟ್ಟ.

ಸೂಟೆಂದರೆ ಅವನ ಅಂಗಡಿಯ ಹಳೆಯ ರೂಢಿ. ರೈತರ ಚೀಲ ತೂಗುವ ಮೊದಲು ಒಂದು ಹಿಡಿ ಕಾಯಿ ಎತ್ತಿ ಅಂಗಡಿಯ ಬುಟ್ಟಿಗೆ ಹಾಕುವುದು. ಕಸ, ತೊಟ್ಟು, ತೇವ ಎಂದು ಅದಕ್ಕೊಂದು ನೆಪ. ಯಾರಾದರೂ ಗೊಣಗಿದರೆ ಗುಡದಪ್ಪನ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು: ತುಸು ಐತಿ ಬಿಡು.

ವಕೀಲರು ನಕ್ಕು, ಈ ತಕ್ಕಡಿಗೆ ಸೂಟಿಲ್ಲ ಎಂದರು. ಗುಡದಪ್ಪನಿಗೆ ನಗು ಬರಲಿಲ್ಲ. ಅವನ ತಕ್ಕಡಿ ಒಂದು ಹಿಡಿ ಹೆಚ್ಚುಕಡಿಮೆಯಾದರೆ ಮುಳ್ಳನ್ನೂ ಅಲ್ಲಾಡಿಸುತ್ತಿರಲಿಲ್ಲ. ಇಲ್ಲಿ ನೋಡಿದರೆ, ಆರಡಿ ಆಳಿನ ಮೈಯೊಳಗೆ ಕರಗಿಹೋದ ಎರಡು ಗುಟುಕನ್ನು ಎಲ್ಲೋ ಕುಳಿತ ಯಾರೋ ಒಂದು ಚಿಕ್ಕ ಸೀಸೆಯಲ್ಲಿ ಕಂಡುಹಿಡಿದಿದ್ದರು! ಇಂಥ ತೂಕವೂ ಭೂಮಿಯ ಮೇಲೆ ಇದೆಯೇ ಎಂದು ಅವನು ಬೆರಗಾಗಿ ಆ ಪುಸ್ತಕವನ್ನೇ ನೋಡುತ್ತ ಕುಳಿತ.

ಅಷ್ಟರಲ್ಲಿ ವಕೀಲರಿಗೆ ಒಂದು ದಾರಿ ಹೊಳೆಯಿತು. ಸೂಜಿ ಚುಚ್ಚುವ ಮೊದಲು ತೋಳನ್ನು ಯಾವುದರಿಂದ ಒರೆಸಿದರು ಎಂದು ಕೇಳಿದರು. ಸ್ಪಿರಿಟ್ಟಿನಿಂದ ಎಂದ ಹನುಮಪ್ಪ. ವಕೀಲರು ಮೇಜು ಕುಟ್ಟಿದರು. ಸ್ಪಿರಿಟ್ಟೂ ಅದೇ ಜಾತಿಯದು. ಎಷ್ಟೇ ತುಸುವನ್ನೂ ಎಣಿಸುವ ಕಾಯ್ದೆ ಇದನ್ನೂ ಎಣಿಸಲೇಬೇಕು, ಸೀಸೆಯಲ್ಲಿ ಸಿಕ್ಕಿದ್ದು ಹೊಟ್ಟೆಯದೋ ತೋಳಿನದೋ ಎಂಬ ಸಂಶಯದ ಮೇಲೆ ಬಿಡಿಸಬಹುದು. ಕೋರ್ಟಿನಲ್ಲಿ ತಪ್ಪು ಕಬೂಲಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು, ಮಿಕ್ಕದ್ದು ತಮಗೆ ಬಿಡಿ ಎಂದರು. ಬಸ್ಸಿನಲ್ಲಿ ಗುಡದಪ್ಪ ಅಳಿಯನಿಂದ ಆ ಒಂದು ಮಾತನ್ನು ಮೂರು ಸಲ ಹೇಳಿಸಿದ.

ಶಿವರಾತ್ರಿಯ ಮುಂದೆ ತಾರೀಖು ಬಂತು. ಕೋರ್ಟಿನಲ್ಲಿ ಆರೋಪವನ್ನು ಕನ್ನಡದಲ್ಲಿ ಓದಿ ಹೇಳಿದರು. 'ರಕ್ತದಲ್ಲಿ ಮದ್ಯಸಾರವು ಎಷ್ಟೇ ಅಲ್ಪ ಪ್ರಮಾಣದಲ್ಲಿರಲಿ' ಎಂಬಲ್ಲಿಗೆ ಬಂದಾಗ, ಹಿಂದಿನ ಬೆಂಚಿನಲ್ಲಿದ್ದ ಗುಡದಪ್ಪ ತನಗರಿವಿಲ್ಲದೆ ಕೈ ಮುಗಿದ. ಗುನ್ಹೆ ಕಬೂಲೇ ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

ಹನುಮಪ್ಪ ಬಾಯಿ ತೆರೆದ, ಮುಚ್ಚಿದ. ಆಮೇಲೆ ಹೇಳಿದ: "ಅಮಲ ಇರ್ಲಿಲ್ರಿ ಸಾಹೇಬ್ರ. ಕಣ್ಣ ಕೆಂಪಾಗಿದ್ದು ಕಾಯಿ ಘಾಟಿಗೆ. ಆದ್ರ ಎರಡು ಗುಟುಕು ಕುಡದಿದ್ದೆರಿ. ತುಸು ಇದ್ರೂ ಐತಿ ಅಂತ ಓದಿದ್ರಲ್ರಿ, ಅದು ಖರೇ ಐತ್ರಿ."

ವಿರೂಪಾಕ್ಷಪ್ಪ ಹಣೆ ಒತ್ತಿಕೊಂಡರು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಅವನನ್ನು ಒಂದು ಗಳಿಗೆ ನೋಡಿದರು. ಹೀಗೆ ಹೇಳಿದರೆ ಏನಾಗುತ್ತದೆ ಗೊತ್ತೇ ಎಂದು ಮತ್ತೊಮ್ಮೆ ಕೇಳಿದರು. ಗೊತ್ತು ಎಂದ. ಜೈಲು ತಪ್ಪಿತು. ದಂಡ ಬಿತ್ತು, ಆರು ತಿಂಗಳು ಲೈಸೆನ್ಸು ಹೋಯಿತು.

ಹೊರಗೆ ಬಂದದ್ದೇ ಗುಡದಪ್ಪ ಅಳಿಯನನ್ನು ತರಾಟೆಗೆ ತೆಗೆದುಕೊಂಡ. ದೇವರು ಕೊಟ್ಟ ದಾರಿಗೆ ಮುಳ್ಳು ಬಡಿದೆಯಲ್ಲೋ ಎಂದು ಬೈದ.

"ಇಲ್ಲ ಅನ್ನಾಕ ಅಂತನ ಬಾಯಿ ತೆಗದಿದ್ದೆ ಮಾವಾರ," ಎಂದ ಹನುಮಪ್ಪ. "ಎಷ್ಟ ತುಸು ಇದ್ರೂ ಅನ್ನೋ ಆ ಮಾತು ಕೇಳಿದ ಮ್ಯಾಲೆ ನಾಲಿಗಿ ಏಳಲಿಲ್ಲ."

ಗುಡದಪ್ಪನ ಬೈಗುಳ ಅಲ್ಲಿಗೇ ನಿಂತಿತು.

ಮುಂದಿನ ಪೇಟೆ ದಿನವೇ ಹನುಮಪ್ಪ ಮಾವ ತೂಗುವ ಅಂಗಡಿಯಲ್ಲೇ ಹಮಾಲಿಗೆ ನಿಂತ. ಐರಣಿ ಊರಿನ ಮುದುಕಿ ಹೊಳಿಯವ್ವ ನಾಲ್ಕು ಚೀಲ ತಂದಿದ್ದಳು. ಅಳಿಯ ಮೊದಲ ಚೀಲ ಹೊತ್ತು ತಂದು ತಕ್ಕಡಿಯ ಪಕ್ಕ ಇಳಿಸಿ ಬಾಯಿ ಬಿಚ್ಚಿದ. ಗುಡದಪ್ಪನ ಕೈ ಮೂವತ್ತು ವರ್ಷದ ರೂಢಿಯಂತೆ ತಾನೇ ಒಳಗೆ ಹೋಗಿ ಹಿಡಿ ತುಂಬಿ ಮೇಲೆ ಬಂತು. ಕೈ ಸಣ್ಣದು ಮಾಡಪ್ಪಾ ಎಂದಳು ಮುದುಕಿ, ಪ್ರತಿ ವರ್ಷ ಅನ್ನುವ ಹಾಗೆ.

"ತುಸು ಐತಿ ಬಿಡಬೇ," ಎಂದ ಗುಡದಪ್ಪ.

ಅಂದದ್ದು ಅವನ ಕಿವಿಗೇ ಕೇಳಿಸಿತು. ಕೈ ಬುಟ್ಟಿಯ ಮೇಲೆ ನಿಂತೇಬಿಟ್ಟಿತು. ಹನುಮಪ್ಪ ಇತ್ತ ನೋಡಲಿಲ್ಲ, ಎರಡನೇ ಚೀಲಕ್ಕೆ ಬೆನ್ನು ಕೊಡುತ್ತಿದ್ದ.

ಗುಡದಪ್ಪ ಹಿಡಿಯನ್ನು ಚೀಲದೊಳಗೆ ಬಿಚ್ಚಿದ. ಬೆವರಿದ ಅಂಗೈಗೆ ಒಂದು ಬೀಜ ಅಂಟಿಕೊಂಡು ಉಳಿದಿತ್ತು. ಅದನ್ನೂ ಉಗುರಿನಿಂದ ಬಿಡಿಸಿ ಚೀಲಕ್ಕೆ ಹಾಕಿದ.